‘ಏನೂ ಆಗುವುದಿಲ್ಲ ಮೇಡಂ’ ಎನ್ನುವ ಹೋಟೆಲಿನಿಂದ ಎದ್ದು ಬನ್ನಿ

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಶೇಂಗಾ ಮತ್ತು ಗೋಡಂಬಿ ಅವನಿಗೆ ಆಗುವುದಿಲ್ಲ. ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡಿದ್ದೇವೆ. ಒಂದೂವರೆ ವರ್ಷದ ಹಿಂದೆ ಮನೆಮಂದಿಯೆಲ್ಲ ಹೋಟೆಲಿಗೆ ಹೋಗಿದ್ದೆವು. ಮಾಣಿಯನ್ನು ನಾನೇ ಕೇಳಿದ್ದೆ. ‘ಅದೆಲ್ಲ ಹಾಕುವುದಿಲ್ಲ, ಏನೂ ಆಗುವುದಿಲ್ಲ ಮೇಡಂ’ ಎಂದಿದ್ದ. ನಾಲ್ಕು ತುತ್ತು ತಿಂದು ಹತ್ತು ನಿಮಿಷವೂ ಆಗಿರಲಿಲ್ಲ, ಮಗುವಿಗೆ ಮೈತುಂಬ ದದ್ದು ಎದ್ದಿತು, ತುಟಿ ಊದಿಕೊಂಡಿತು, ಮೂರು ಸಲ ವಾಂತಿಯಾಯಿತು. ಬ್ಯಾಗಿನಲ್ಲಿದ್ದ ಅಲರ್ಜಿ ಸಿರಪ್ ಕುಡಿಸಿ, ಮನೆಗೆ ಕರೆತಂದು ಮಲಗಿಸಿದೆವು. ಬೆಳಗಾಗುವಷ್ಟರಲ್ಲಿ ಸರಿಹೋಯಿತು. ಅಂದಿನಿಂದ ನಾವು ಹೊರಗೆ ಊಟ ಮಾಡಿಲ್ಲ. ಈಗ ನಾದಿನಿ ತನ್ನ ಮಗಳ ಹುಟ್ಟುಹಬ್ಬದ ಊಟವನ್ನು ಹೋಟೆಲಿನಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಬರುವುದಿಲ್ಲ ಎಂದೆ. ‘ಒಂದು ಸಲ ದದ್ದು ಎದ್ದಿದ್ದಕ್ಕೆ ಇಷ್ಟು ಅತಿ ಮಾಡಬೇಡ’ ಎಂದು ಗಂಡ ಸಿಟ್ಟಾಗಿದ್ದಾರೆ. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುತ್ತಾರೆ ಮಾವ. ಅವರ ಮಾತು ಹೋಗಲಿ, 11 ವರ್ಷದ ಮಗಳು ಮೊನ್ನೆ ‘ಇವನಿಂದಾಗಿ ನಾವು ಎಲ್ಲಿಗೂ ಹೋಗುವುದೇ ಇಲ್ಲ’ ಎಂದು ಬಾಗಿಲು ಹಾಕಿಕೊಂಡು ಅತ್ತಳು. ನಾನು ನಿಜವಾಗಿಯೂ ಅತಿ ಮಾಡುತ್ತಿದ್ದೇನೆಯೇ?
– ಹೆಸರು ಬೇಡ

ಉತ್ತರ: ಇಲ್ಲ, ಅತಿ ಮಾಡುತ್ತಿಲ್ಲ. ಆದರೆ ನಿಮ್ಮ ಎಚ್ಚರಿಕೆ ಕಾವಲು ಕೂರಬೇಕಾದ ಬಾಗಿಲನ್ನು ಬಿಟ್ಟು ಬೇರೆ ಬಾಗಿಲಲ್ಲಿ ಕೂತಿದೆ. ಬೇಸರ ಮಾಡಿಕೊಳ್ಳಬೇಡಿ, ಮೊದಲು ಆ ರಾತ್ರಿಯ ವಿಷಯವನ್ನೇ ಮಾತನಾಡೋಣ.

ಅಂದು ಆದದ್ದನ್ನು ನಿಮ್ಮವರು ದದ್ದು ಎನ್ನುತ್ತಾರೆ. ನೀವೂ ಹಾಗೆಯೇ ತಿಳಿದಂತಿದೆ, ಇಲ್ಲದಿದ್ದರೆ ಮಗುವನ್ನು ಮಲಗಿಸುತ್ತಿರಲಿಲ್ಲ. ಆಗದ ಪದಾರ್ಥ ಹೊಟ್ಟೆಗೆ ಹೋಗಿ, ಮೈಮೇಲೆ ದದ್ದು ಎದ್ದು, ಅದರ ಬೆನ್ನಿಗೇ ಮೇಲಿಂದ ಮೇಲೆ ವಾಂತಿಯೂ ಆದರೆ ವೈದ್ಯರು ಅದನ್ನು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರಬಲ್ಲ ತೀವ್ರ ಅಲರ್ಜಿ, ಎಂದೇ ಎಣಿಸುತ್ತಾರೆ. ಚರ್ಮವೊಂದೇ ಅಲ್ಲ, ಹೊಟ್ಟೆಯೂ ಸೇರಿಕೊಂಡಿತಲ್ಲ, ಅದು ಮುಖ್ಯ. ಅದಕ್ಕೆ ಮದ್ದು ಅಡ್ರಿನಾಲಿನ್ ಚುಚ್ಚುಮದ್ದು. ನೀವು ಕುಡಿಸಿದ ಸಿರಪ್ ತುರಿಕೆ ಇಳಿಸುತ್ತದೆ, ದದ್ದು ಕಡಿಮೆ ಮಾಡುತ್ತದೆ. ಬಿಗಿಯುತ್ತಿರುವ ಗಂಟಲನ್ನಾಗಲಿ ಕುಸಿಯುತ್ತಿರುವ ರಕ್ತದೊತ್ತಡವನ್ನಾಗಲಿ ತಡೆದು ನಿಲ್ಲಿಸುವ ತ್ರಾಣ ಅದಕ್ಕಿಲ್ಲ. ಇಳಿಯಿತು ಎಂದುಕೊಂಡದ್ದು ಕೆಲವು ಗಂಟೆಗಳ ಬಳಿಕ ಮತ್ತೆ ಏಳುವುದೂ ಉಂಟು. ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡುವುದು ಅದಕ್ಕೇ. ನಿಮ್ಮ ಮಗ ಬೆಳಗ್ಗೆ ನಗುತ್ತಾ ಎದ್ದದ್ದು ನಿಮ್ಮ ಪುಣ್ಯ. ಕಳೆದ ಸಲ ಇಷ್ಟಕ್ಕೇ ನಿಂತಿತು ಎಂದು ಮುಂದಿನ ಸಲವೂ ಇಷ್ಟಕ್ಕೇ ನಿಲ್ಲಬೇಕೆಂದಿಲ್ಲ.

ಆದ್ದರಿಂದ ಹುಟ್ಟುಹಬ್ಬದ ಮಾತು ಆಮೇಲೆ. ಈ ವಾರವೇ ಅಲರ್ಜಿ ವೈದ್ಯರ ಬಳಿ ಹೋಗಿ, ಗಂಡನನ್ನು ಕರೆದುಕೊಂಡೇ ಹೋಗಿ. ಆ ರಾತ್ರಿ ನಡೆದದ್ದನ್ನು ಗಂಟೆ ನಿಮಿಷ ಸಮೇತ ಅವರೆದುರಿಗೆ ಹೇಳಿ. ಹೆಂಡತಿ ಹೇಳಿದರೆ ಅತಿ, ಅದನ್ನೇ ಬಿಳಿ ಕೋಟಿನವರು ಹೇಳಿದರೆ ಸಲಹೆ. ಈ ಲೋಕನೀತಿಯ ಮೇಲೆ ಇನ್ನೊಂದು ದಿನ ಸಿಟ್ಟಾಗೋಣ, ಸದ್ಯಕ್ಕೆ ಬಳಸಿಕೊಳ್ಳೋಣ. ಅಡ್ರಿನಾಲಿನ್ ಪ್ರಮಾಣವನ್ನು ಮಗುವಿನ ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಕಿಲೋಗೆ 0.01 ಮಿಲಿಗ್ರಾಂ. ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನು ಸಿಗುವ ಕಡೆ ಅದನ್ನು ಬರೆದುಕೊಡುತ್ತಾರೆ, ಸಿಗದ ಕಡೆ ಸಿರಿಂಜ್ ಬಳಸುವುದನ್ನು ಕಲಿಸುತ್ತಾರೆ. ಎರಡು ಡೋಸ್ ಕೇಳಿ ಪಡೆಯಿರಿ, ಏಕೆಂದರೆ ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕಾಗಬಹುದು. ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ, ಅವಸರವಿದ್ದರೆ ಬಟ್ಟೆಯ ಮೇಲಿನಿಂದಲೇ, ಚುಚ್ಚಬೇಕು. ಚುಚ್ಚಿದ ಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ ಇಡಬೇಕು, ಉಸಿರಿಗೆ ಕಷ್ಟವಾಗುತ್ತಿದ್ದರೆ ಕೂರಿಸಬೇಕು, ಎಬ್ಬಿಸಿ ನಡೆಸಬಾರದು. ಆಂಬುಲೆನ್ಸ್ ಕರೆಸಬೇಕು. ಯಾವಾಗ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಇಷ್ಟೂ ನಿಮ್ಮ ಗಂಡನಿಗೆ ನಿದ್ದೆಗಣ್ಣಿನಲ್ಲಿಯೂ ಬರಬೇಕು. ನಿಮಗೊಬ್ಬರಿಗೇ ಬಂದರೆ ಸಾಲದು.

ಮಾವನವರ ಮಾತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದದ್ದು 1906ರಲ್ಲಿ. ಅನಾಫಿಲ್ಯಾಕ್ಸಿಸ್ ಕುರಿತ ಕೆಲಸಕ್ಕೆ ಫ್ರಾನ್ಸಿನ ವಿಜ್ಞಾನಿ ಶಾರ್ಲ್ ರಿಶೆ ಅವರಿಗೆ ನೊಬೆಲ್ ಬಂದದ್ದು 1913ರಲ್ಲಿ. ನಿಮ್ಮ ಮಾವನವರ ಕಾಲದಲ್ಲೂ ಇದು ಇತ್ತು, ಅವರ ಅಪ್ಪನ ಕಾಲದಲ್ಲೂ ಇತ್ತು. ಇದನ್ನು ಊಟಕ್ಕೆ ಕೂತಾಗ ಅವರಿಗೆ ಹೇಳಲೇಬೇಕೆಂದಿಲ್ಲ, ನಿಮ್ಮ ಸಮಾಧಾನಕ್ಕೆ ತಿಳಿದಿರಲಿ.

ಇನ್ನು ಹೋಟೆಲು. ಕಾಲೇಜಿನ ರಜೆಗಳಲ್ಲಿ ನಾನು ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದೆ. ಪಕ್ಕದಲ್ಲೇ ಅಡುಗೆಮನೆಯ ಕಿಂಡಿ. ಮಾಣಿ ಅದರೊಳಗೆ ತಲೆ ತೂರಿಸಿ ‘ಆರನೇ ಟೇಬಲ್, ಶೇಂಗಾ ಬೇಡವಂತೆ’ ಎಂದು ಕೂಗುತ್ತಿದ್ದ. ಒಳಗೆ ಒಲೆಯ ಭೋರೆಂಬ ಸದ್ದು, ಪಾತ್ರೆಗಳ ಗದ್ದಲ. ಅಡುಗೆಯವರು ‘ಹ್ಞೂಂ’ ಎನ್ನುತ್ತಿದ್ದರು. ಕೊನೆಯಲ್ಲಿ ಉದುರಿಸುವ ಶೇಂಗಾವನ್ನು ಉದುರಿಸುತ್ತಿರಲಿಲ್ಲ, ಅಷ್ಟೇ. ಸೌಟು ಮಾತ್ರ ಮೂರು ಪಾತ್ರೆಗೂ ಒಂದೇ. ಮರೆತು ಉದುರಿಸಿಬಿಟ್ಟರೆ ಬೆರಳಿನಿಂದ ಹೆಕ್ಕಿ ತೆಗೆದು ಅದೇ ತಟ್ಟೆಯನ್ನು ಹೊರಗೆ ಕಳಿಸುತ್ತಿದ್ದರು. ಅವರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ‘ಬೇಡ’ ಎಂದರೆ ನಾಲಿಗೆಗೆ ಬೇಡ ಎಂದೇ ಅವರು ತಿಳಿಯುತ್ತಿದ್ದರು. ನಿಮಗೆ ಉತ್ತರ ಕೊಟ್ಟ ಹುಡುಗನೂ ಸುಳ್ಳು ಹೇಳಿರಲಿಕ್ಕಿಲ್ಲ. ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಸಂಕೋಚವಾಯಿತು.

ಹಾಗಾಗಿ ‘ಇದರಲ್ಲಿ ಶೇಂಗಾ ಇದೆಯೇ’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ‘ಇಲ್ಲ’ ಎನ್ನುವುದು ಬಲು ಸುಲಭ. ಹೇಗೆ ಮಾಡುತ್ತೀರಿ ಎಂದು ಕೇಳಿ. ಗ್ರೇವಿ ದಪ್ಪವಾಗಲು ಏನು ಅರೆದು ಹಾಕುತ್ತೀರಿ? ಅರೆಯುವ ಜಾರ್ ಬೇರೆಯೋ ಅದೇ ಒಂದೋ? ಕರಿಯುವ ಎಣ್ಣೆ ಯಾವುದು, ಅದೇ ಬಾಣಲೆಯಲ್ಲಿ ಇನ್ನೇನು ಕರಿಯುತ್ತೀರಿ? ಕಾದ ಎಣ್ಣೆಯಲ್ಲಿ ಎಲ್ಲವೂ ಸುಟ್ಟುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶೇಂಗಾದ ಪ್ರೋಟೀನು ಬಿಸಿಗೆ ಬಗ್ಗುವಂಥದ್ದಲ್ಲ, ಹುರಿದ ಶೇಂಗಾ ಇನ್ನಷ್ಟು ಕಾಟ ಕೊಡಬಲ್ಲದು. ಗೋಡಂಬಿ ಆಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಪಿಸ್ತಾ ಕೂಡ ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ, ವೈದ್ಯರನ್ನು ಕೇಳಿ.

ಇದನ್ನೆಲ್ಲ ಜನ ತುಂಬಿದ ಹೊತ್ತಿನಲ್ಲಿ ಕೇಳಲಾಗದು. ಎರಡು ದಿನ ಮುಂಚೆ, ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗುವ ಮೊದಲು, ಫೋನ್ ಮಾಡಿ. ವ್ಯವಸ್ಥಾಪಕರನ್ನೋ ಅಡುಗೆಯ ಮುಖ್ಯಸ್ಥರನ್ನೋ ಕೇಳಿ ಮಾತನಾಡಿ. ‘ಅಲರ್ಜಿ’ ಎಂಬ ಮಾತನ್ನೂ ‘ಆಸ್ಪತ್ರೆಗೆ ಓಡಬೇಕಾಗುತ್ತದೆ’ ಎಂಬ ಮಾತನ್ನೂ ಸ್ಪಷ್ಟವಾಗಿ ಬಳಸಿ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲುಗಳೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂಬ ಕಾನೂನಿದೆ. ಅಂಥ ಕಾನೂನು ಇಲ್ಲದ ಕಡೆ ಅಡುಗೆಯವರ ಬಾಯಿಮಾತೇ ಗತಿ, ಆದ್ದರಿಂದ ಆ ಮಾತು ಹೇಗೆ ಬರುತ್ತದೆ ಎಂಬುದಕ್ಕೆ ಕಿವಿ ಕೊಡಿ. ‘ತಾಳಿ, ಒಳಗೆ ವಿಚಾರಿಸಿ ಹೇಳುತ್ತೇನೆ’ ಎಂದರೆ ಒಳ್ಳೆಯ ಲಕ್ಷಣ. ‘ನಮ್ಮಲ್ಲಿ ಎಲ್ಲವೂ ಒಂದೇ ಒಲೆಯ ಮೇಲೆ, ಭರವಸೆ ಕೊಡಲಾರೆವು’ ಎಂದರೆ ಇನ್ನೂ ಒಳ್ಳೆಯದು. ಥ್ಯಾಂಕ್ಸ್ ಹೇಳಿ ಮುಂದಿನ ಹೋಟೆಲಿಗೆ ಫೋನ್ ಮಾಡಿ. ಏನನ್ನೂ ಕೇಳದೆ ‘ಏನೂ ಆಗುವುದಿಲ್ಲ ಮೇಡಂ’ ಎಂದವರ ಕಡೆ ಮಾತ್ರ ತಲೆ ಹಾಕಬೇಡಿ. ಬಂದು ಕೂತಿದ್ದರೂ ಎದ್ದು ಬನ್ನಿ.

ಬಫೆಯಂತೂ ಬೇಡವೇ ಬೇಡ. ಒಂದು ಪಾತ್ರೆಯ ಚಮಚವನ್ನು ಇನ್ನೊಂದಕ್ಕೆ ಹಾಕದ ಅತಿಥಿಯನ್ನು ನಾನಿನ್ನೂ ನೋಡಿಲ್ಲ. ಐಸ್‌ಕ್ರೀಮ್ ತೆಗೆಯುವ ಚಮಚದ ಕಥೆಯೂ ಅದೇ. ಸಾಸು, ಸಿಹಿ, ಕೇಕ್ ಇವು ಹೊರಗಿನಿಂದ ಬಂದಿರುತ್ತವೆ, ಅವುಗಳಲ್ಲಿ ಏನಿದೆಯೆಂದು ಹೋಟೆಲಿನವರಿಗೇ ತಿಳಿದಿರುವುದಿಲ್ಲ. ಒಂದೆರಡೇ ಪದಾರ್ಥಗಳ ಸರಳ ಅಡುಗೆ ಹೇಳಿ, ಮಗುವಿನದನ್ನು ಮೊದಲು ತರಿಸಿ. ತಪ್ಪಾಗಿ ಬಂದರೆ ತಟ್ಟೆಯನ್ನು ಕೈಬಿಡಬೇಡಿ. ಹೊಸದು ಬರುವವರೆಗೆ ಹಳೆಯದು ಮೇಜಿನ ಮೇಲೆಯೇ ಇರಲಿ, ಇಲ್ಲದಿದ್ದರೆ ನನ್ನ ಸೋದರಮಾವನ ಅಡುಗೆಯವರು ಮಾಡುತ್ತಿದ್ದಂತೆ ಹೆಕ್ಕಿ ತೆಗೆದು ಅದನ್ನೇ ಮರಳಿ ತಂದಾರು.

ಈ ಹುಟ್ಟುಹಬ್ಬಕ್ಕೆ ಹೋಗಬಹುದು ಎಂದೇ ನನ್ನ ಅಭಿಪ್ರಾಯ, ಚುಚ್ಚುಮದ್ದು ಕೈಗೆ ಬಂದಿದ್ದರೆ ಮಾತ್ರ. ನಾದಿನಿಗೆ ನೀವಲ್ಲ, ಅವಳ ಅಣ್ಣನೇ ಫೋನ್ ಮಾಡಲಿ. ಹೋಟೆಲು ಇನ್ನೂ ನಿಶ್ಚಯವಾಗದಿದ್ದರೆ ನೀವು ವಿಚಾರಿಸಿ ಒಪ್ಪಿದ ಎರಡು ಹೆಸರು ಕೊಡಲಿ. ನಿಶ್ಚಯವಾಗಿಬಿಟ್ಟಿದ್ದು, ಅಲ್ಲಿಯ ಅಡುಗೆ ನಂಬಲಾಗದಿದ್ದರೆ, ಮಗನ ಊಟವನ್ನೂ ಕೇಕಿನ ತುಂಡನ್ನೂ ಮನೆಯಿಂದ ಒಯ್ಯಿರಿ. ಕಾರಣ ಹೇಳಿ ಮುಂಚೆಯೇ ಕೇಳಿದರೆ ಬಹಳಷ್ಟು ಹೋಟೆಲಿನವರು ಬೇಡವೆನ್ನುವುದಿಲ್ಲ. ಡಬ್ಬಿಯ ಊಟ ತಿಂದು, ಬಲೂನು ಒಡೆದು, ಅಕ್ಕಂದಿರ ಜೊತೆ ಮೇಜಿನ ಕೆಳಗೆ ನುಸುಳಾಡಿ ಬಂದ ಮಗುವಿಗೆ ಏನನ್ನೋ ಕಳೆದುಕೊಂಡೆನೆಂದು ಅನ್ನಿಸುವುದಿಲ್ಲ. ಅಲ್ಲಿ ಅವನನ್ನು ನೋಡಿಕೊಳ್ಳುವ ಪಾಳಿ ನಿಮ್ಮ ಗಂಡನದು. ಮದ್ದಿನ ಚೀಲವೂ ಅವರ ಹೆಗಲಿಗೇ ಇರಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಬರಬಾರದು.

ಏಳು ವರ್ಷದವನು ತನ್ನ ಮಾತನ್ನು ತಾನೇ ಆಡಬಲ್ಲ. ‘ನನಗೆ ಶೇಂಗಾ, ಗೋಡಂಬಿ ಅಲರ್ಜಿ’ ಎಂದು ಮಾಣಿಗೆ ಅವನೇ ಹೇಳಲಿ, ನೀವು ಆಮೇಲೆ ಮುಂದುವರಿಸಿ. ಮಕ್ಕಳು ‘ಗಂಟಲು ಬಿಗಿಯುತ್ತಿದೆ’ ಎನ್ನುವುದಿಲ್ಲ. ‘ನಾಲಿಗೆಯ ಮೇಲೆ ಕೂದಲಿದೆ’, ‘ಬಾಯಿ ಉರಿಯುತ್ತಿದೆ’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ಕೆಮ್ಮುತ್ತಾರೆ. ಹಾಗೇನಾದರೂ ಅನ್ನಿಸಿದರೆ ಒಬ್ಬನೇ ಶೌಚಾಲಯಕ್ಕೆ ಹೋಗದೆ ಅಪ್ಪನ ತೋಳು ಹಿಡಿದು ಎಳೆಯಬೇಕೆಂದು ಹೇಳಿಕೊಡಿ.

ಉಳಿದವಳು ಮಗಳು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವಳು ಹಾಕಿಕೊಂಡ ಆ ಬಾಗಿಲು. ಅವಳ ಸಿಟ್ಟಿನಲ್ಲಿ ನ್ಯಾಯವಿದೆ, ‘ತಮ್ಮನ ಕಷ್ಟ ನಿನಗೆ ಅರ್ಥವಾಗುವುದಿಲ್ಲವೇ’ ಎಂದು ಗದರಿಸಬೇಡಿ. ತಿಂಗಳಿಗೊಂದು ಸಂಜೆ ತಮ್ಮನನ್ನು ಅಪ್ಪನ ಬಳಿ ಬಿಟ್ಟು ನೀವಿಬ್ಬರೇ ಹೊರಗೆ ಹೋಗಿ. ಅವಳು ಏನು ಬೇಕೆಂದರೆ ಅದನ್ನು ತರಿಸಿ, ಶೇಂಗಾ ಇದ್ದರೂ ಸರಿ, ಗೋಡಂಬಿ ಇದ್ದರೂ ಸರಿ. ಆ ಒಂದು ಗಂಟೆ ಯಾವ ತಟ್ಟೆಯ ಬಗ್ಗೆಯೂ ಯಾರನ್ನೂ ಏನನ್ನೂ ಕೇಳಬೇಡಿ. ಮನೆಗೆ ಬಂದ ಮೇಲೆ ತಮ್ಮನನ್ನು ಮುಟ್ಟುವ ಮೊದಲು ಇಬ್ಬರೂ ಸೋಪು ಹಾಕಿ ಕೈ, ಬಾಯಿ ತೊಳೆದುಕೊಳ್ಳಿ, ಹಲ್ಲುಜ್ಜಿ. ಸ್ಯಾನಿಟೈಸರ್ ಸಾಲದು, ಅದು ಶೇಂಗಾದ ಪಸೆಯನ್ನು ತೆಗೆಯುವುದಿಲ್ಲ.