14ರ ಹರೆಯದ ಮಗ ‘ಬ್ರೇಕಿಂಗ್ ಬ್ಯಾಡ್’ ನೋಡಬಹುದೇ?

ಈಗಲೇ ಬೇಡ. ಅಮೆರಿಕದಲ್ಲಿ ಈ ಟಿವಿ ಸರಣಿಗೆ ಟಿವಿ-ಎಂಎ ದರ್ಜೆ, ಅಂದರೆ 17ಕ್ಕಿಂತ ಕಿರಿಯರಿಗೆ ತಕ್ಕದ್ದಲ್ಲ. ಆ ಗೆರೆ ಸರಿಯೆಂದೇ ನನ್ನ ಅನಿಸಿಕೆ.

ಕ್ಯಾನ್ಸರ್ ತಗುಲಿದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬ, ಮನೆಯವರಿಗೆ ಹಣ ಕೂಡಿಡಲೆಂದು ಮಾದಕವಸ್ತು ತಯಾರಿಕೆಗೆ ಇಳಿಯುವ ಕಥೆಯಿದು. ರಕ್ತಪಾತ, ಬೈಗುಳ ಧಾರಾಳವಾಗಿವೆ. ಆದರೆ ನನ್ನನ್ನು ಕಾಡುವುದು ಅವಲ್ಲ. ಎರಡನೆಯ ಸೀಸನ್‌ನಲ್ಲಿ, ಮತ್ತಿನಲ್ಲಿ ಮಲಗಿದ ಹುಡುಗಿಗೆ ವಾಂತಿಯಾಗಿ ಉಸಿರುಗಟ್ಟುತ್ತದೆ. ಮೇಷ್ಟ್ರು ಹಾಸಿಗೆಯ ಬಳಿಗೆ ಧಾವಿಸುತ್ತಾನೆ, ಥಟ್ಟನೆ ನಿಲ್ಲುತ್ತಾನೆ, ಅವಳು ಸಾಯುವುದನ್ನು ನೋಡುತ್ತಾನೆ. ಅಷ್ಟು ಹೊತ್ತಿಗೆ ನಾವು ಅವನ ಪಕ್ಷ ವಹಿಸಿಬಿಟ್ಟಿರುತ್ತೇವೆ! ಆ ಕಸಿವಿಸಿಯನ್ನು ಬಿಡಿಸಿ ಮಾತಾಡಲು ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಮುಂದೆ ನೋಡುವಾಗಲೂ ನೀವು ಜೊತೆಗೆ ಕೂರಿ. ಮೊಬೈಲ್‌ನಲ್ಲಿ ಒಬ್ಬನೇ ನೋಡುವುದಂತೂ ಬೇಡವೇ ಬೇಡ.