‘ಕ್ರಿಟಿಕಲ್, ಆದರೆ ಸ್ಟೇಬಲ್’ ಅಂದರೆ ಏನು ಡಾಕ್ಟ್ರೇ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾರೆ, ವೆಂಟಿಲೇಟರ್ ಹಾಕಿದ್ದಾರೆ. ಡಾಕ್ಟರ್ ಬೆಳಿಗ್ಗೆ ಎರಡು ನಿಮಿಷ ಮಾತಾಡಿ, ‘ಕ್ರಿಟಿಕಲ್, ಆದರೆ ಸ್ಟೇಬಲ್’ ಎಂದು ಹೊರಟುಬಿಡುತ್ತಾರೆ. ನಮಗೆ ತಲೆಬುಡ ತಿಳಿಯುವುದಿಲ್ಲ. ಜಾಸ್ತಿ ಕೇಳಿದರೆ ಸಿಟ್ಟಾಗುತ್ತಾರೇನೋ ಎಂಬ ಭಯ. ಅಮ್ಮನಿಗೆ ಏನು ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ ಭಯ ಬಿಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮೊದಲನೆಯದೇ ಮಾಹಿತಿ ಪಡೆಯುವ ಹಕ್ಕು. ಐಸಿಯು ಹೊರಗೆ ಕಾಯುವವರಿಗೆ ಏನು ಬೇಕು ಎಂದು ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ 1979ರಲ್ಲೇ ಕುಟುಂಬದವರನ್ನು ಕೇಳಿದ್ದರು. ಅವರು ತಮ್ಮ ಊಟ, ವಿಶ್ರಾಂತಿಗಿಂತ ಮುಂದೆ ಇಟ್ಟಿದ್ದು ಭರವಸೆಯನ್ನು, ಕೇಳಿದ್ದಕ್ಕೆ ನಿಜವಾದ ಉತ್ತರವನ್ನು.

ಕ್ರಿಟಿಕಲ್ ಎಂದರೆ ಜೀವಕ್ಕೆ ಅಪಾಯ ಇದೆ. ಸ್ಟೇಬಲ್ ಎಂದರೆ ಸದ್ಯಕ್ಕೆ ದೊಡ್ಡ ಏರುಪೇರಾಗಿಲ್ಲ, ಅಷ್ಟೇ. ಹುಷಾರಾಗುತ್ತಿದ್ದಾರೆ ಎಂದಲ್ಲ. ಎರಡೂ ಒಟ್ಟಿಗೆ ನಿಜ ಇರಬಹುದು. ‘ಹೇಗಿದ್ದಾರೆ?’ ಎಂದರೆ ದಿನಾ ಇದೇ ಉತ್ತರ ಬರುತ್ತದೆ. ‘ನಿನ್ನೆಗಿಂತ ಇವತ್ತು ಹೇಗೆ?’ ಎಂದು ಕೇಳಿ, ಅದನ್ನೂ ಒಂದೊಂದಾಗಿ ಬಿಡಿಸಿ ಕೇಳಿ.

ಆಕ್ಸಿಜನ್ ಎಷ್ಟು ಪರ್ಸೆಂಟ್ ಕೊಡುತ್ತಿದ್ದಾರೆ? ನಾವು ಉಸಿರಾಡುವ ಗಾಳಿಯಲ್ಲಿ ಇರುವುದು ಸುಮಾರು 21. ನಿನ್ನೆ 80 ಬೇಕಾಗಿದ್ದವರಿಗೆ ಇವತ್ತು 50 ಸಾಕಾಗುತ್ತಿದೆ ಎಂದರೆ ಶ್ವಾಸಕೋಶ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಬಿಪಿ ತಾನಾಗಿಯೇ ಸರಿ ಇದೆಯೋ, ಔಷಧಿ ಕೊಟ್ಟು ಏರಿಸಿದ್ದಾರೋ? ಮಾನಿಟರ್‌ನಲ್ಲಿ 120/80 ಕಂಡು ಸಮಾಧಾನಪಡುವವರು ಬಹಳ. ಆದರೆ ಮಂಚದ ಪಕ್ಕದ ಪಂಪಿನಲ್ಲಿ ನಾರ್‌ಅಡ್ರಿನಲಿನ್ ಹೋಗುತ್ತಿದ್ದರೆ ಆ ಅಂಕಿ ಆ ಔಷಧಿಯ ಬಲದಿಂದ ನಿಂತಿರುವುದು. ಅದರ ಡೋಸ್ ಇಳಿಯುತ್ತಿದೆಯಾ ಎಂದು ಕೇಳಿ. ಮೂತ್ರ ಸರಿಯಾಗಿ ಹೋಗುತ್ತಿದೆಯಾ? 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ, ಅದೂ ಹಲವು ಗಂಟೆ ಹಾಗೇ ಇದ್ದರೆ ಕಿಡ್ನಿಗೆ ತೊಂದರೆ ಆಗುತ್ತಿರಬಹುದು. ಕಣ್ಣು ಬಿಡದೆ ಇರುವುದು ನಿದ್ದೆಯ ಔಷಧಿಯಿಂದಲೋ, ಕಾಯಿಲೆಯಿಂದಲೋ? ಇದನ್ನು ಕೇಳದೆ ಸುಮ್ನೆ ಕೊರಗುವ ಮನೆಯವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ಇನ್ನೆರಡು ದಿನದಲ್ಲಿ ಏನು ಸುಧಾರಿಸಬೇಕು? ಸುಧಾರಿಸದಿದ್ದರೆ ಮುಂದೇನು?’

ಮನೆಯವರೆಲ್ಲ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಡಾಕ್ಟರನ್ನು ಕೇಳಿದರೆ ಗೊಂದಲ ಜಾಸ್ತಿ. ಒಬ್ಬರೇ ಮಾತಾಡಿ, ಪಕ್ಕದಲ್ಲಿ ಇನ್ನೊಬ್ಬರು ತಾರೀಖು ಹಾಕಿ ಬರೆದುಕೊಳ್ಳಲಿ. ಎರಡು ನಿಮಿಷ ಸಾಲದಿದ್ದರೆ, ‘ಇವತ್ತು ಹತ್ತು ನಿಮಿಷ ಕೂತು ಮಾತಾಡಬೇಕು, ಎಷ್ಟು ಗಂಟೆಗೆ ಬರಲಿ?’ ಎಂದು ನೇರವಾಗಿ ಕೇಳಿ. ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕೆಂದು ನರ್ಸ್ ಹತ್ತಿರ ಬರೆಸಿಡಿ.

ಅಮ್ಮನಿಂದ ಮುಚ್ಚಿಡಬೇಡಿ. ‘ಅಪಾಯ ಇದೆ, ಆದರೆ ಆಕ್ಸಿಜನ್ ಸ್ವಲ್ಪ ಇಳಿಸಿದ್ದಾರೆ’ ಎಂದು ಇದ್ದದ್ದನ್ನೇ ಹೇಳಿ. ಒಳಗೆ ಕರೆದುಕೊಂಡು ಹೋಗುವ ಮುಂಚೆ ಬಾಯಲ್ಲಿ ಪೈಪ್ ಇರುತ್ತದೆ, ಮುಖ ಊದಿರಬಹುದು, ಪೈಪ್ ಕಿತ್ತುಕೊಳ್ಳದಂತೆ ಕೈ ಕಟ್ಟಿರಲೂಬಹುದು ಎಂದು ತಿಳಿಸಿ. ಅವರು ಅಪ್ಪನ ಕೈ ಹಿಡಿದು ಮಾತಾಡಲಿ. ಮಲಗಿದವರಿಗೂ ಕೆಲವೊಮ್ಮೆ ಕೇಳಿಸುತ್ತದೆ.

ಪ್ರಶ್ನೆ: ಐಸಿಯುನಲ್ಲಿರುವ ಅಣ್ಣನ ಬಗ್ಗೆ ಬೇರೆ ಡಾಕ್ಟರ ಅಭಿಪ್ರಾಯ ಕೇಳಬೇಕು. ಆಸ್ಪತ್ರೆಯವರು ರಿಪೋರ್ಟ್ ಕೊಡಲು ಸತಾಯಿಸುತ್ತಿದ್ದಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಾಯಿಮಾತಲ್ಲಿ ಕೇಳಬೇಡಿ, ಬರೆದುಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರುವವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮವೇ ಹೇಳುತ್ತದೆ. ಆದರೆ ಐಸಿಯುನಲ್ಲಿ ಅಷ್ಟು ಹೊತ್ತು ಕಾಯುವುದು ಕಷ್ಟ ಅಲ್ವಾ? ಅಲ್ಲಿಯವರೆಗೆ, ನೋಡಿಕೊಳ್ಳುತ್ತಿರುವ ಡಾಕ್ಟರೇ ನಿಮ್ಮ ಡಾಕ್ಟರ ಜೊತೆ ಫೋನಲ್ಲಿ ಮಾತಾಡುತ್ತಾರಾ ಎಂದು ಕೇಳಿ ನೋಡಿ. ಎಷ್ಟೋ ಜನ ಒಪ್ಪುತ್ತಾರೆ.