ಮಾತ್ರೆಯ ಹೊತ್ತು, ಬಾಗಿಲಲ್ಲಿ ನಿಲ್ಲುವ ಕಾಲು

ನಮಸ್ಕಾರ. ನಡಿಗೆ ನಿಧಾನವಾಗಿಸುವ ನರರೋಗ ಪಾರ್ಕಿನ್ಸನ್‌ಗೆ ಸಿಂಡೋಪಾ ಮಾತ್ರೆ ತಗೊಂಡರೂ ಮಧ್ಯಾಹ್ನ ಅಪ್ಪನ ಕಾಲು ಬಾಗಿಲಲ್ಲೇ ಅಂಟಿಕೊಳ್ಳುತ್ತದೆ, ಡೋಸ್ ಸಾಲದಾ ಅಂತ ಕೇಳಿದ್ದೀರಿ. ಮೊದಲು ಮಾತ್ರೆಯ ಹೊತ್ತು ನೋಡಿ. ಅದರಲ್ಲಿರುವ ಲೆವೊಡೋಪಾ ಎಂಬ ಔಷಧ ಕರುಳಿನಿಂದ ರಕ್ತಕ್ಕೆ ಸೇರುವಾಗ ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್ ಅದಕ್ಕೆ ಪೈಪೋಟಿ ಕೊಡುತ್ತದೆ. ನಮ್ಮಮ್ಮನಿಗೂ ಮೊಸರನ್ನ ಉಂಡ ಮೇಲೆ ಕೊಡುತ್ತಿದ್ದೆವು. ಡಾಕ್ಟರ್ ಹೇಳಿದ ಹಾಗೆ ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಕೊಟ್ಟ ಮೇಲೆ ಎಷ್ಟೋ ವಾಸಿ. ಒಂದು ವಾರ ಮಾತ್ರೆ, ಊಟ, ಕಾಲು ನಿಂತ ಹೊತ್ತು ಎಲ್ಲ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಡೋಸ್ ನೀವೇ ಏರಿಸಬೇಡಿ, ದಿಢೀರ್ ಅಂತ ನಿಲ್ಲಿಸಲೂ ಬೇಡಿ.

ಕಾಲು ಅಂಟಿದಾಗ ಕೈ ಹಿಡಿದು ಎಳೆದರೆ ಬಿದ್ದುಬಿಡುತ್ತಾರೆ. ನಾವು ಹೊಸಿಲಿನ ಮುಂದೆ ಅಡ್ಡಡ್ಡ ಹಳದಿ ಟೇಪ್ ಅಂಟಿಸಿದ್ದೇವೆ. "ಗೆರೆ ದಾಟಮ್ಮ" ಅಂದರೆ ಸಲೀಸಾಗಿ ದಾಟುತ್ತಾರೆ. ವಿಚಿತ್ರ ಅಲ್ವಾ!

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ನೋಡುವ ನರರೋಗ ತಜ್ಞರಿದ್ದಾರೆ. ಮುಂಬೈ ಮೂಲದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳಿಗೆ, ಮನೆಯವರಿಗೆ ಬೆಂಬಲ ಗುಂಪು ನಡೆಸುತ್ತದೆ. ನೋಡಿಕೊಳ್ಳುವ ನಿಮಗೇ ಮನಸ್ಸು ಸೋತರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಇಲ್ಲ.